ತಡವಾಗಿ ತಿಳಿಯುವ ರೋಗ, ತಡವಾಗಿ ಬರುವ ಹಣ

2016ರ ಫೆಬ್ರುವರಿ 29ರಂದು ಲೋಕಸಭೆಯಲ್ಲಿ ಆಯವ್ಯಯ ಮಂಡಿಸಿದ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಪ್ರಕಟಿಸುತ್ತಾ ಕೆಲವು ಅಂಕಿಗಳನ್ನು ಸದನದ ಮುಂದಿಟ್ಟಿದ್ದರು. ದೇಶದಲ್ಲಿ ಪ್ರತಿ ವರ್ಷ ಸುಮಾರು 2.2 ಲಕ್ಷ ಮಂದಿ ಹೊಸದಾಗಿ ಮೂತ್ರಪಿಂಡ ವೈಫಲ್ಯದ ಅಂತಿಮ ಹಂತವನ್ನು ತಲುಪುತ್ತಾರೆ. ಅವರಿಂದಾಗಿ ವರ್ಷಕ್ಕೆ 3.4 ಕೋಟಿ ಬಾರಿಯ ಡಯಾಲಿಸಿಸ್‌ಗೆ ಹೆಚ್ಚುವರಿ ಬೇಡಿಕೆ ಉಂಟಾಗುತ್ತದೆ. ಇರುವ ಸುಮಾರು 4,950 ಕೇಂದ್ರಗಳಿಂದ ಬೇಡಿಕೆಯ ಅರ್ಧದಷ್ಟು ಮಾತ್ರ ಪೂರೈಕೆಯಾಗುತ್ತಿದೆ. ಒಂದು ಬಾರಿಯ ಡಯಾಲಿಸಿಸ್‌ಗೆ ಸುಮಾರು 2,000 ರೂಪಾಯಿ, ಅಂದರೆ ಒಬ್ಬ ರೋಗಿಗೆ ವರ್ಷಕ್ಕೆ 3 ಲಕ್ಷಕ್ಕೂ ಮೀರಿದ ವೆಚ್ಚ. ಸಚಿವರ ಭಾಷಣದ ತಿರುಳು ಇದು.

ಬಡವರಿಗೆ ಉಚಿತ ಡಯಾಲಿಸಿಸ್ ಒದಗಿಸುವ ಆ ಕಾರ್ಯಕ್ರಮ ಅಂದಿನಿಂದ ವಿಸ್ತರಿಸುತ್ತಾ ಬಂದಿದೆ. ಅಸಂಖ್ಯಾತ ಕುಟುಂಬಗಳನ್ನು ಸಾಲದ ಶೂಲದಿಂದ ಪಾರುಮಾಡಿದೆ. ಅದನ್ನು ಪ್ರಶ್ನಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅದೇ ಅಂಕಿಗಳನ್ನು ಒಂದಕ್ಕೊಂದು ಗುಣಿಸಿ ನೋಡಿದಾಗ ಮತ್ತೊಂದು ಸಂಗತಿ ಗೋಚರಿಸುತ್ತದೆ. 3.4 ಕೋಟಿಯನ್ನು 2,000ದಿಂದ ಗುಣಿಸಿದರೆ 6,800 ಕೋಟಿ ರೂಪಾಯಿ. ಇದು ಒಂದೇ ವರ್ಷದಲ್ಲಿ ಹೊಸದಾಗಿ ಸೇರ್ಪಡೆಯಾಗುವ ರೋಗಿಗಳ ಒಂದು ವರ್ಷದ ವೆಚ್ಚ ಮಾತ್ರ. ಮರುವರ್ಷ ಅವರ ಜೊತೆಗೆ ಇನ್ನೊಂದು ತಂಡ ಸೇರುತ್ತದೆ. ಯಾವ ಸರ್ಕಾರವೂ, ಎಷ್ಟೇ ಉದಾರವಾಗಿದ್ದರೂ, ಈ ಸಾಲಿನ ಕೊನೆಯಲ್ಲಿ ಮಾತ್ರ ನಿಂತು ಹಣ ಸುರಿಯುತ್ತಾ ಹೋದರೆ ಬೇಡಿಕೆಯನ್ನು ಎಂದಿಗೂ ಹಿಂದಿಕ್ಕಲಾರದು.

ಮೂತ್ರಪಿಂಡ ರೋಗದ ಪತ್ತೆ ಹಾಗೂ ಕಸಿಯ ಯಶಸ್ಸಿಗೆ ಸಂಬಂಧಿಸಿದಂತೆ ಕಳೆದ ಕಾಲು ಶತಮಾನದಲ್ಲಿ ಜಗತ್ತಿನಾದ್ಯಂತ ನಡೆದಿರುವ ಸಂಶೋಧನೆಗಳು ಈ ಹಿನ್ನೆಲೆಯಲ್ಲಿ ಗಮನಾರ್ಹ. ಅವುಗಳ ಒಟ್ಟು ಸಂದೇಶ ಸರಳವಾಗಿದೆ: ಈ ರೋಗದಲ್ಲಿ ನಾವು ತೆರುತ್ತಿರುವ ಬೆಲೆಯ ದೊಡ್ಡ ಪಾಲು ವಿಳಂಬದ ಬೆಲೆ. ರೋಗ ತಡವಾಗಿ ತಿಳಿಯುತ್ತದೆ, ಕಸಿ ಮಾಡಿದ ಅಂಗದ ತೊಂದರೆಯೂ ತಡವಾಗಿ ತಿಳಿಯುತ್ತದೆ. ಸಾರ್ವಜನಿಕ ಹಣವಂತೂ ಎಲ್ಲಕ್ಕಿಂತ ತಡವಾಗಿ ಬರುತ್ತದೆ.

ಮೌನವಾಗಿ ಸೋಲುವ ಅಂಗ

ಮೂತ್ರಪಿಂಡ ನೋಯದೆ ಕೆಡುವ ಅಂಗ. ಕಾಲು ಊದಿಕೊಂಡು, ಹಸಿವು ಇಂಗಿ, ಉಸಿರು ಕಟ್ಟಿ ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಬಹುತೇಕ ಎಲ್ಲವೂ ಮುಗಿದಿರುತ್ತದೆ. ವೈದ್ಯರು ಸಾಮಾನ್ಯವಾಗಿ ಮಾಡಿಸುವ ಕ್ರಿಯೇಟಿನಿನ್ ಪರೀಕ್ಷೆಯೂ ಈ ವಿಷಯದಲ್ಲಿ ನಿಧಾನ ಸಾಕ್ಷಿಯೇ. ಸ್ನಾಯುಗಳಿಂದ ಉತ್ಪತ್ತಿಯಾಗುವ ಈ ತ್ಯಾಜ್ಯವನ್ನು ಮೂತ್ರಪಿಂಡ ಸೋಸಿ ಹೊರಹಾಕುತ್ತದೆ. ಸೋಸುವ ಸಾಮರ್ಥ್ಯ ಸುಮಾರು ಅರ್ಧದಷ್ಟು ಕುಂದುವವರೆಗೂ ರಕ್ತದಲ್ಲಿ ಅದರ ಪ್ರಮಾಣ ‘ಸಾಮಾನ್ಯ’ ಎನ್ನುವ ಮಿತಿಯೊಳಗೇ ಉಳಿಯಬಹುದು. ಪ್ರಯೋಗಾಲಯದ ವರದಿಯಲ್ಲಿ ಅಂಕಿಯ ಮುಂದೆ ಎಚ್ಚರಿಕೆಯ ಗುರುತು ಇಲ್ಲದ್ದನ್ನು ಕಂಡು ಸಮಾಧಾನಪಟ್ಟು ಮನೆಗೆ ಹೋದವರೆಷ್ಟೋ ಮಂದಿ.

ಈ ಕೊರತೆಯನ್ನು ತುಂಬಲೆಂದೇ ವಯಸ್ಸು, ಲಿಂಗ ಮತ್ತು ಕ್ರಿಯೇಟಿನಿನ್ ಪ್ರಮಾಣದಿಂದ ಸೋಸುವಿಕೆಯ ವೇಗವನ್ನು ಅಂದಾಜು ಮಾಡುವ ಸೂತ್ರಗಳು ಬಂದವು. 1999ರಲ್ಲಿ ಒಂದು, 2009ರಲ್ಲಿ ಅದಕ್ಕಿಂತ ಉತ್ತಮವಾದ ಇನ್ನೊಂದು. ಆ ವೇಗ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಇದ್ದರೆ ಅಥವಾ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಅಷ್ಟೇ ಕಾಲ ಸೋರುತ್ತಿದ್ದರೆ ಅದನ್ನು ದೀರ್ಘಕಾಲೀನ ಮೂತ್ರಪಿಂಡ ರೋಗ ಎಂದು ಪರಿಗಣಿಸಬೇಕೆಂಬ ವ್ಯಾಖ್ಯೆ 2002ರ ನಂತರ ಜಗತ್ತಿನಲ್ಲಿ ರೂಢಿಗೆ ಬಂತು.

ವ್ಯಾಖ್ಯೆ ಬಂದ ಮೇಲೆಯೇ ರೋಗದ ವ್ಯಾಪ್ತಿ ಅರಿವಿಗೆ ಬಂದದ್ದು. ಭಾರತದ ಹಲವು ನಗರಗಳ ತಪಾಸಣಾ ಶಿಬಿರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ‘ಸೀಕ್’ ಅಧ್ಯಯನದಲ್ಲಿ ಪರೀಕ್ಷೆಗೊಳಗಾದವರ ಪೈಕಿ ಶೇ 17.2ರಷ್ಟು ಜನರಲ್ಲಿ ಯಾವುದಾದರೂ ಹಂತದ ರೋಗ ಕಂಡುಬಂದಿತ್ತು. ಶಿಬಿರಕ್ಕೆ ತಾವಾಗಿ ಬಂದವರನ್ನು ಇಡೀ ಜನಸಮುದಾಯದ ಪ್ರತಿನಿಧಿಗಳೆಂದು ಹೇಳಲಾಗದು ಎಂಬ ಎಚ್ಚರ ಇಲ್ಲಿ ಅಗತ್ಯ. ಆದರೆ 2025ರ ನವೆಂಬರ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆಯೂ ಹೆಚ್ಚು ದೂರದ ಚಿತ್ರವನ್ನೇನೂ ಕೊಡುವುದಿಲ್ಲ. ಅದರ ಪ್ರಕಾರ 2023ರಲ್ಲಿ ಜಗತ್ತಿನ ಸುಮಾರು 78.8 ಕೋಟಿ ವಯಸ್ಕರಿಗೆ ಈ ರೋಗವಿತ್ತು. ಚೀನಾದ ನಂತರದ ಎರಡನೆಯ ಸ್ಥಾನ, 13.8 ಕೋಟಿ ರೋಗಿಗಳೊಂದಿಗೆ, ಭಾರತದ್ದು. ಸಾವಿನ ಕಾರಣಗಳ ಪಟ್ಟಿಯಲ್ಲಿ ಈ ರೋಗ ಒಂಬತ್ತನೆಯ ಸ್ಥಾನಕ್ಕೆ ಏರಿದೆ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಧಿವೇಶನ ಮೂತ್ರಪಿಂಡದ ಆರೋಗ್ಯ ಕುರಿತು ತನ್ನ ಮೊತ್ತಮೊದಲ ನಿರ್ಣಯವನ್ನು ಅಂಗೀಕರಿಸಿದ್ದು ಈ ಕಾರಣಕ್ಕೇ.

ಸೂತ್ರಗಳ ಹಿಂದೆಯೂ ಒಂದು ಪಾಠವಿದೆ. ಅಮೆರಿಕದಲ್ಲಿ ರೂಪುಗೊಂಡ ಹಳೆಯ ಸೂತ್ರಗಳಲ್ಲಿ ರೋಗಿ ಕಪ್ಪು ಜನಾಂಗದವನಾಗಿದ್ದರೆ ಉತ್ತರವನ್ನು ಒಂದು ಗುಣಕದಿಂದ ಹೆಚ್ಚಿಸಲಾಗುತ್ತಿತ್ತು. ಪರಿಣಾಮವಾಗಿ ಅವರ ಮೂತ್ರಪಿಂಡ ಕಾಗದದ ಮೇಲೆ ವಾಸ್ತವಕ್ಕಿಂತ ಆರೋಗ್ಯವಾಗಿ ಕಾಣುತ್ತಿತ್ತು. ಕಸಿಯ ಸರದಿಪಟ್ಟಿಗೆ ಅವರ ಹೆಸರು ಸೇರುವುದು ತಡವಾಗುತ್ತಿತ್ತು. 2021ರಲ್ಲಿ ಜನಾಂಗದ ಗುಣಕವಿಲ್ಲದ ಹೊಸ ಸೂತ್ರ ಬಂತು. 2022ರಲ್ಲಿ ಅಲ್ಲಿನ ಅಂಗಾಂಗ ಹಂಚಿಕೆ ವ್ಯವಸ್ಥೆ ಹಳೆಯದನ್ನು ನಿಷೇಧಿಸಿತು. 2023ರಿಂದ ಅನ್ಯಾಯಕ್ಕೊಳಗಾದ ಸಾವಿರಾರು ರೋಗಿಗಳಿಗೆ ಕಳೆದುಹೋದ ಕಾಯುವಿಕೆಯ ಅವಧಿಯನ್ನು ಲೆಕ್ಕಕ್ಕೆ ಹಿಡಿದು ಕೊಡಲಾಯಿತು.

ನಮಗೆ ಇದರ ಸಂಬಂಧ ನೇರವಾದದ್ದು. ಕ್ರಿಯೇಟಿನಿನ್ ಸ್ನಾಯುವಿನಿಂದಲೂ ಮಾಂಸಾಹಾರದಿಂದಲೂ ಬರುತ್ತದೆ. ಸರಾಸರಿ ಭಾರತೀಯನ ಸ್ನಾಯುರಾಶಿ ಕಡಿಮೆ. ನಮ್ಮಲ್ಲಿ ಸಸ್ಯಾಹಾರಿಗಳೂ ಹೆಚ್ಚು. ಹೀಗಾಗಿ ಪಾಶ್ಚಾತ್ಯ ದೇಹಗಳ ಆಧಾರದ ಮೇಲೆ ಕಟ್ಟಿದ ಸೂತ್ರಗಳು ನಮ್ಮವರ ಮೂತ್ರಪಿಂಡಕ್ಕೆ ಇರುವುದಕ್ಕಿಂತ ಹೆಚ್ಚಿನ ಅಂಕ ಕೊಡುವ ಪ್ರವೃತ್ತಿ ಹೊಂದಿವೆ ಎಂದು ನಮ್ಮದೇ ಸಂಶೋಧಕರು ತೋರಿಸಿದ್ದಾರೆ. ಭಾರತೀಯರಿಗೆ ಒಪ್ಪುವ ಸೂತ್ರವನ್ನು ವಿವಿಧ ಪ್ರಾಂತಗಳ ದೊಡ್ಡ ಮಾದರಿಯ ಮೇಲೆ ಸ್ಥಿರಪಡಿಸುವುದು ದುಬಾರಿ ಯಂತ್ರಗಳನ್ನು ಬೇಡುವ ಸಂಶೋಧನೆಯಲ್ಲ. ಅದಕ್ಕೆ ಬೇಕಾಗಿರುವುದು ಸ್ಥಿರ ಅನುದಾನ ಮತ್ತು ತಾಳ್ಮೆ.

ಪತ್ತೆಗೆ ಈಗ ಅರ್ಥ ಬಂದಿದೆ

ವ್ಯಾಪಕ ತಪಾಸಣೆಯ ವಿರುದ್ಧ ಹಿಂದೆ ಒಂದು ಗಟ್ಟಿ ವಾದವಿತ್ತು. ಪತ್ತೆ ಹಚ್ಚಿ ಏನು ಪ್ರಯೋಜನ, ತಡೆಯುವ ಔಷಧವೇ ಇಲ್ಲದಿರುವಾಗ? ಈ ವಾದ ಈಗ ಸಡಿಲಗೊಂಡಿದೆ. ರಕ್ತದೊತ್ತಡಕ್ಕೆ ಕೊಡುವ ಒಂದು ವರ್ಗದ ಮಾತ್ರೆಗಳು ಮಧುಮೇಹಿಗಳ ಮೂತ್ರಪಿಂಡವನ್ನೂ ಕಾಪಾಡುತ್ತವೆ ಎಂಬುದು 1993 ಮತ್ತು 2001ರ ಪ್ರಯೋಗಗಳಲ್ಲಿ ಸ್ಥಿರಪಟ್ಟಿತ್ತು. ದೊಡ್ಡ ತಿರುವು ಬಂದದ್ದು 2019-20ರಲ್ಲಿ. ಮಧುಮೇಹಕ್ಕೆಂದು ತಯಾರಾದ ಕೆನಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಮುಂತಾದ ಔಷಧಗಳು ಮೂತ್ರಪಿಂಡದ ಅವನತಿಯನ್ನು ಗಣನೀಯವಾಗಿ ನಿಧಾನಗೊಳಿಸುತ್ತವೆ ಎಂದು ಸಾಬೀತಾಯಿತು. 4,304 ರೋಗಿಗಳು ಪಾಲ್ಗೊಂಡಿದ್ದ 2020ರ ಪ್ರಯೋಗದಲ್ಲಿ ಮೂತ್ರಪಿಂಡದ ತೀವ್ರ ಕುಸಿತ, ವೈಫಲ್ಯ ಅಥವಾ ಮೂತ್ರಪಿಂಡ ಇಲ್ಲವೇ ಹೃದಯ-ರಕ್ತನಾಳಗಳಿಗೆ ಸಂಬಂಧಿಸಿದ ಸಾವಿನ ಸಂಭವ ಶೇ 39ರಷ್ಟು ತಗ್ಗಿತು. ಮಧುಮೇಹವಿಲ್ಲದವರಿಗೂ ಪ್ರಯೋಜನ ದೊರೆಯಿತು. ಲಾಭ ನಿಸ್ಸಂದೇಹವಾಗಿದ್ದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಈ ಔಷಧದ ಪೇಟೆಂಟ್ ಅವಧಿ ಭಾರತದಲ್ಲಿ 2020ರಲ್ಲೂ, ಅದೇ ವರ್ಗದ ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲೂ ಮುಗಿಯಿತು. ನಮ್ಮ ಕಂಪನಿಗಳು ತಯಾರಿಸುವ ಜೆನೆರಿಕ್ ಮಾತ್ರೆಗಳು ಮಾರುಕಟ್ಟೆಗೆ ಬಂದು ಬೆಲೆ ಗಣನೀಯವಾಗಿ ಕುಸಿಯಿತು. ಅಂದರೆ ಪತ್ತೆ ಮಾಡಿದರೆ ಕೊಡಲು ಪರಿಣಾಮಕಾರಿಯಾದ ಔಷಧವಿದೆ, ಅದು ಕೈಗೆಟುಕುವ ಬೆಲೆಯಲ್ಲೂ ಇದೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ತಪಾಸಣೆಗೆ ಹೂಡಿದ ರೂಪಾಯಿಯ ಪ್ರತಿಫಲ ಹತ್ತು ವರ್ಷದ ಹಿಂದೆ ಇದ್ದುದಕ್ಕಿಂತ ಇಂದು ಬಹಳ ಹೆಚ್ಚಾಗಿದೆ. ನೀತಿ ಮಾತ್ರ ಹಳೆಯ ಲೆಕ್ಕದಲ್ಲೇ ನಿಂತಿದೆ.

ಎಲ್ಲರನ್ನೂ ಪರೀಕ್ಷಿಸಬೇಕೆಂದು ನಾನು ಹೇಳುತ್ತಿಲ್ಲ. ಮಧುಮೇಹ ಅಥವಾ ರಕ್ತದೊತ್ತಡ ಇರುವವರು, ಕುಟುಂಬದಲ್ಲಿ ಈ ರೋಗದ ಚರಿತ್ರೆ ಇರುವವರು, ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದವರು - ಇಷ್ಟು ಮಂದಿಗೆ ವರ್ಷಕ್ಕೊಮ್ಮೆ ರಕ್ತದ ಕ್ರಿಯೇಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಸಾಕು. ಈ ಎರಡು ಫಲಿತಾಂಶಗಳ ಜೊತೆಗೆ ವಯಸ್ಸು ಮತ್ತು ಲಿಂಗವನ್ನು ಸೇರಿಸಿ, ಮುಂದಿನ ಎರಡು ಅಥವಾ ಐದು ವರ್ಷಗಳಲ್ಲಿ ಮೂತ್ರಪಿಂಡ ವಿಫಲವಾಗುವ ಸಂಭವವೆಷ್ಟು ಎಂದು ಅಂದಾಜು ಮಾಡುವ ಸಮೀಕರಣವನ್ನು ಕೆನಡಾದ ಸಂಶೋಧಕರು 2011ರಲ್ಲಿಯೇ ಪ್ರಕಟಿಸಿದ್ದಾರೆ. ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಮೊಬೈಲ್ ಫೋನಿನಲ್ಲಿ ಅದನ್ನು ಬಳಸಬಹುದು. ಯಾರನ್ನು ತಜ್ಞರ ಬಳಿಗೆ ಕೂಡಲೇ ಕಳುಹಿಸಬೇಕು, ಯಾರನ್ನು ಊರಿನಲ್ಲೇ ಮಾತ್ರೆ ಕೊಟ್ಟು ನೋಡಿಕೊಳ್ಳಬಹುದು ಎಂಬುದು ಅದರಿಂದ ನಿರ್ಧಾರವಾಗುತ್ತದೆ. ತಜ್ಞರ ಅಭಾವವಿರುವ ನಮ್ಮಂಥ ದೇಶಕ್ಕೆ ಈ ವಿಂಗಡಣೆಯೇ ಮುಖ್ಯ.

ಒಂದು ಎಚ್ಚರಿಕೆಯ ಮಾತು. ಎರಡೂ ಪರೀಕ್ಷೆಗಳು ಬೇಕು, ಒಂದು ಸಾಲದು. ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದ ತೆಂಗು, ಗೋಡಂಬಿ ತೋಟಗಳ ನಡುವಿನ ಹಳ್ಳಿಗಳಲ್ಲಿ ಮಧುಮೇಹವಾಗಲಿ ರಕ್ತದೊತ್ತಡವಾಗಲಿ ಇಲ್ಲದ ದುಡಿಯುವ ಜನರನ್ನೂ ಮೂತ್ರಪಿಂಡ ರೋಗ ದಶಕಗಳಿಂದ ಕಾಡುತ್ತಿದೆ. ಕಾರಣ ಇನ್ನೂ ಖಚಿತವಾಗಿಲ್ಲ. ಶ್ರೀಲಂಕಾದ ಭತ್ತದ ಸೀಮೆಯಲ್ಲಿ, ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಇಂಥದ್ದೇ ರೋಗವಿದೆ. ಈ ಬಗೆಯಲ್ಲಿ ಮೂತ್ರದಲ್ಲಿ ಆಲ್ಬುಮಿನ್ ಸೋರಿಕೆ ಅತ್ಯಲ್ಪ. ಮೂತ್ರ ಪರೀಕ್ಷೆಯನ್ನಷ್ಟೇ ನಂಬಿದರೆ ಇವರು ತಪ್ಪಿಸಿಕೊಳ್ಳುತ್ತಾರೆ. ಆಂಧ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಪಲಾಸದಲ್ಲಿ ಮೂತ್ರಪಿಂಡ ಸಂಶೋಧನಾ ಕೇಂದ್ರ ಮತ್ತು ಆಸ್ಪತ್ರೆಯನ್ನೂ ಆ ಹಳ್ಳಿಗಳಿಗೆ ಕುಡಿಯುವ ನೀರಿನ ಯೋಜನೆಯನ್ನೂ ಒಟ್ಟಿಗೆ ಉದ್ಘಾಟಿಸಿತು. ಬಿಸಿಲಿನಲ್ಲಿ ದುಡಿಯುವ ಕೃಷಿ ಕಾರ್ಮಿಕರು ಲಕ್ಷಾಂತರ ಸಂಖ್ಯೆಯಲ್ಲಿರುವ ಕರ್ನಾಟಕವೂ ಈ ಬಗೆಯ ರೋಗದ ಮೇಲೆ ಕಣ್ಣಿಡಬೇಕು.

ಚೆನ್ನೈ ಬಳಿಯ ಹಳ್ಳಿಗಳ ಪಾಠ

ಇದೆಲ್ಲ ಶ್ರೀಮಂತ ದೇಶಗಳ ಮಾತು, ನಮ್ಮ ಆರೋಗ್ಯ ವ್ಯವಸ್ಥೆಗೆ ನಿಲುಕದ್ದು ಎನ್ನುವವರು ಚೆನ್ನೈನ ಹಿರಿಯ ಮೂತ್ರಪಿಂಡ ತಜ್ಞ ಡಾ. ಎಂ.ಕೆ. ಮಣಿ ಅವರ ಪ್ರಯೋಗವನ್ನು ಗಮನಿಸಬೇಕು. 1990ರ ದಶಕದಲ್ಲಿ ಅವರ ಕಿಡ್ನಿ ಹೆಲ್ಪ್ ಟ್ರಸ್ಟ್ ಚೆನ್ನೈ ಸಮೀಪದ ಹಳ್ಳಿಗಳಲ್ಲಿ ಸ್ಥಳೀಯರನ್ನೇ ತರಬೇತುಗೊಳಿಸಿ ಮನೆಮನೆಗೆ ಕಳುಹಿಸಿತು. ಅವರು ಸರಳ ರಾಸಾಯನಿಕಗಳಿಂದ ಮೂತ್ರದಲ್ಲಿನ ಪ್ರೋಟೀನು ಮತ್ತು ಸಕ್ಕರೆಯನ್ನು ನೋಡಿದರು, ರಕ್ತದೊತ್ತಡ ಅಳೆದರು. ತೊಂದರೆ ಕಂಡವರನ್ನು ವೈದ್ಯರು ಪರೀಕ್ಷಿಸಿ ಅತ್ಯಂತ ಅಗ್ಗದ ಹಳೆಯ ಔಷಧಗಳನ್ನೇ ಕೊಟ್ಟರು. ಔಷಧ ಮನೆಬಾಗಿಲಿಗೆ ನಿಯಮಿತವಾಗಿ ತಲುಪುವಂತೆ ನೋಡಿಕೊಂಡರು. ಬಹುಪಾಲು ರೋಗಿಗಳ ರಕ್ತದೊತ್ತಡ, ಸಕ್ಕರೆ ಹತೋಟಿಗೆ ಬಂದವು. ಕಾರ್ಯಕ್ರಮ ತಲುಪದ ನೆರೆಯ ಪ್ರದೇಶಕ್ಕೆ ಹೋಲಿಸಿದಾಗ ಇಲ್ಲಿ ಮೂತ್ರಪಿಂಡದ ಸಾಮರ್ಥ್ಯ ಕುಂದಿದವರ ಪ್ರಮಾಣ ಕಡಿಮೆಯಿತ್ತು. ಇಡೀ ಜನಸಂಖ್ಯೆಗೆ ಹಂಚಿದಾಗ ತಲಾ ವೆಚ್ಚ ವರ್ಷಕ್ಕೆ ಅರ್ಧ ಡಾಲರಿಗಿಂತಲೂ ಕಡಿಮೆ.

ಈ ಪ್ರಯೋಗದ ವಿವರಗಳು 2000ದ ದಶಕದ ಆರಂಭದಲ್ಲೇ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟವಾದವು, ಪ್ರಶಂಸೆ ಗಳಿಸಿದವು. ರಾಜ್ಯ ಸರ್ಕಾರಗಳು ಅದನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಳ್ಳಲಿಲ್ಲ. ಸರಳ ವಿಧಾನಗಳು ಹಿಂದುಳಿದವರಿಗೆ ಮಾತ್ರ ಎಂಬ ಭಾವನೆಯೂ ಸರಿಯಲ್ಲ. ನೆದರ್ಲೆಂಡ್ಸ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನೆಯಲ್ಲೇ ಮೂತ್ರ ಪರೀಕ್ಷೆಗೆ ಎರಡು ಮಾರ್ಗಗಳನ್ನು ಹೋಲಿಸಲಾಯಿತು: ಮಾದರಿಯನ್ನು ತುಂಬಿ ಅಂಚೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುವುದು ಒಂದು, ಸ್ಮಾರ್ಟ್‌ಫೋನ್ ಆಪ್ ಬಳಸಿ ತಾವೇ ನೋಡಿಕೊಳ್ಳುವುದು ಇನ್ನೊಂದು. ಹೆಚ್ಚು ಜನ ಸ್ಪಂದಿಸಿದ್ದು ಅಂಚೆಗೆ. ಜಪಾನಿನಲ್ಲಿ 1970ರ ದಶಕದಿಂದಲೂ ಶಾಲಾ ಮಕ್ಕಳಿಗೆ ಪ್ರತಿ ವರ್ಷ ಮೂತ್ರ ಪರೀಕ್ಷೆ ನಡೆಯುತ್ತಿದೆ.

ನಮ್ಮ ರಾಜ್ಯಕ್ಕೆ ಹೊಸ ಕಟ್ಟಡಗಳೇ ಬೇಕೆಂದಿಲ್ಲ. 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾಗಿ ನಂತರ ರಾಜ್ಯದ ಇತರೆಡೆಗೆ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಡಿ ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಲ್ಲೇ ರಕ್ತದೊತ್ತಡ, ಮಧುಮೇಹಗಳ ತಪಾಸಣೆ ಮಾಡುತ್ತಾರೆ. ಅಲ್ಲಿ ಪತ್ತೆಯಾದ ಪ್ರತಿಯೊಬ್ಬ ರೋಗಿಗೂ ವರ್ಷಕ್ಕೊಮ್ಮೆ ಈ ಎರಡು ಪರೀಕ್ಷೆಗಳು ಖಚಿತವಾಗಿ ನಡೆದು, ಫಲಿತಾಂಶ ಪ್ರಾಥಮಿಕ ಆರೋಗ್ಯ ಕೇಂದ್ರದ ದಾಖಲೆಯಲ್ಲಿ ನಿಂತು, ಮುಂದಿನ ವರ್ಷದ ಫಲಿತಾಂಶದೊಡನೆ ಹೋಲಿಕೆಯಾಗಬೇಕು. ಒಂದು ಸಣ್ಣ ಲೆಕ್ಕ ನೋಡೋಣ. ಎರಡೂ ಪರೀಕ್ಷೆಗಳಿಗೆ ಸೇರಿ 500 ರೂಪಾಯಿ ಎಂದು ಭಾವಿಸಿ. ಒಬ್ಬ ರೋಗಿಯ ಡಯಾಲಿಸಿಸ್ ಐದು ವರ್ಷ ಮುಂದೂಡಲ್ಪಟ್ಟರೆ 2016ರ ದರದಲ್ಲೇ 15 ಲಕ್ಷ ರೂಪಾಯಿ ಉಳಿಯುತ್ತದೆ. ಆ ಮೊತ್ತದಲ್ಲಿ 3,000 ಜನರನ್ನು ಪರೀಕ್ಷಿಸಬಹುದು. ಮುಂದೆ ಉಳಿಯುವ ಹಣದ ಇಂದಿನ ಬೆಲೆ ಕಡಿಮೆ ಎಂಬುದನ್ನೂ ಔಷಧದ ವೆಚ್ಚವನ್ನೂ ಕಳೆದರೂ, ಅಪಾಯವಿರುವ 3,000 ಮಂದಿಯಲ್ಲಿ ಉಳಿಸಬಹುದಾದವರು ಒಬ್ಬರಿಗಿಂತ ಹೆಚ್ಚೇ ಇರುತ್ತಾರೆ. ವಾರಕ್ಕೆ ಮೂರು ದಿನ ಯಂತ್ರದ ಮುಂದೆ ಕಳೆಯುವ ರೋಗಿ ಮತ್ತು ಜೊತೆಗೆ ಬರುವ ಮನೆಯವರು ಕಳೆದುಕೊಳ್ಳುವ ಕೂಲಿ, ಬಸ್ಸಿನ ಖರ್ಚು, ಓದು ನಿಲ್ಲಿಸಿದ ಮಕ್ಕಳ ಭವಿಷ್ಯ ಈ ಲೆಕ್ಕದಲ್ಲಿ ಬಂದೇ ಇಲ್ಲ.

ಇಷ್ಟು ಸ್ಪಷ್ಟವಾಗಿದ್ದರೂ ಏಕೆ ಆಗುತ್ತಿಲ್ಲ? ಸರ್ಕಾರಿ ಸೇವೆಯಲ್ಲಿದ್ದಾಗ ಆಯವ್ಯಯ ಪೂರ್ವಭಾವಿ ಸಭೆಗಳಲ್ಲಿ ಕುಳಿತು ನಾನು ಕಂಡದ್ದು ಇಷ್ಟು. ಡಯಾಲಿಸಿಸ್ ಯಂತ್ರಕ್ಕೆ ಲೆಕ್ಕಶೀರ್ಷಿಕೆ ಇರುತ್ತದೆ, ಉದ್ಘಾಟನೆಯ ಫಲಕ ಇರುತ್ತದೆ, ಅದನ್ನು ಬೇಡುವ ರೋಗಿಗೆ ಮುಖವಿರುತ್ತದೆ. ತಪಾಸಣೆಯಿಂದ ಬಚಾವಾದವನು ತಾನು ಬಚಾವಾದೆ ಎಂದು ತಿಳಿಯದೆಯೇ ಬದುಕುತ್ತಾನೆ. ಅವನು ಶಾಸಕರ ಕಚೇರಿಗೆ ಕೃತಜ್ಞತೆ ಹೇಳಲು ಬರುವುದಿಲ್ಲ. ವೆಚ್ಚ ಈ ವರ್ಷದ್ದು, ಉಳಿತಾಯ ಹತ್ತು ವರ್ಷ ಆಚೆಯದ್ದು. ಹಣಕಾಸು ಇಲಾಖೆಗೆ ಇಂಥ ಪ್ರಸ್ತಾವ ಬಂದಾಗ ‘ಮುಂದಿನ ಸಾಲಿನಲ್ಲಿ ಪರಿಶೀಲಿಸಬಹುದು’ ಎಂಬ ಟಿಪ್ಪಣಿ ಬರೆಯುವುದು ಅತ್ಯಂತ ಸುಲಭ.

ಕಸಿ: ದಾನಿಗಳು ಯಾರು?

ಎಷ್ಟೇ ಚೆನ್ನಾಗಿ ತಡೆದರೂ ಕೆಲವರ ಮೂತ್ರಪಿಂಡ ವಿಫಲವಾಗುತ್ತದೆ. ಅವರಿಗೆ ಡಯಾಲಿಸಿಸ್‌ಗಿಂತ ಕಸಿಯೇ ಮೇಲು. ಆಯುಷ್ಯವೂ ಹೆಚ್ಚು, ಬದುಕಿನ ಗುಣವೂ ಮೇಲು, ಮೊದಲ ವರ್ಷದ ನಂತರ ವೆಚ್ಚವೂ ಸಾಮಾನ್ಯವಾಗಿ ಕಡಿಮೆ. 1954ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವಳಿ ಸೋದರರ ನಡುವೆ ನಡೆಸಿದ ಮೊದಲ ಯಶಸ್ವಿ ಕಸಿಯಿಂದ, ವೆಲ್ಲೂರಿನಲ್ಲಿ 1971ರಲ್ಲಿ ನಡೆದ ಭಾರತದ ಮೊದಲ ಯಶಸ್ವಿ ಕಸಿಯಿಂದ, ಈ ವಿದ್ಯೆ ಬಹುದೂರ ಬಂದಿದೆ. 2013ರಲ್ಲಿ 5,000ಕ್ಕೂ ಕಡಿಮೆ ಇದ್ದ ಭಾರತದ ವಾರ್ಷಿಕ ಅಂಗಾಂಗ ಕಸಿಗಳ ಸಂಖ್ಯೆ 2023ರಲ್ಲಿ 18,378ಕ್ಕೆ ಏರಿತು. ಇವುಗಳಲ್ಲಿ 13,426 ಮೂತ್ರಪಿಂಡ ಕಸಿಗಳು. ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳೆಂಬ ಅಂಕಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು.

ಈ ಅಂಗಗಳು ಬರುವುದೆಲ್ಲಿಂದ? 2023ರಲ್ಲಿ ಮರಣಾನಂತರ ಅಂಗದಾನ ಮಾಡಿದವರು ಇಡೀ ದೇಶದಲ್ಲಿ 1,099 ಮಂದಿ. ಉಳಿದ ಭಾರವೆಲ್ಲ ಜೀವಂತ ದಾನಿಗಳ, ಅಂದರೆ ಕುಟುಂಬದವರ ಮೇಲೆ. ಕುಟುಂಬದಲ್ಲಿ ಯಾರ ಮೇಲೆ ಎಂಬುದನ್ನೂ ಅಂಕಿಗಳು ಮುಚ್ಚಿಡುವುದಿಲ್ಲ. 2019ರಿಂದ 2023ರವರೆಗಿನ 56,509 ಜೀವಂತ ದಾನಿಗಳಲ್ಲಿ 36,038 ಮಂದಿ ಮಹಿಳೆಯರು, ಸುಮಾರು ಶೇ 64. ಅಂಗ ಪಡೆದವರಲ್ಲಿ ಹೆಚ್ಚಿನವರು ಪುರುಷರು. ತಾಯಿ, ಹೆಂಡತಿ ಸ್ವಇಚ್ಛೆಯಿಂದಲೇ ಕೊಡುತ್ತಾರೆ ನಿಜ. ಆದರೆ ಮನೆಯ ದುಡಿಯುವ ಗಂಡಸು ಉಳಿಯಬೇಕು ಎಂಬ ಒತ್ತಾಸೆಯೂ ಆ ಇಚ್ಛೆಯೊಳಗೆ ಸೇರಿಕೊಂಡಿರುತ್ತದೆ.

ಕೆಲವು ಅರ್ಥಶಾಸ್ತ್ರಜ್ಞರು ಕೊರತೆಗೆ ಮಾರುಕಟ್ಟೆಯೇ ಪರಿಹಾರ ಎನ್ನುತ್ತಾರೆ. 1994ರ ಅಂಗಾಂಗ ಕಸಿ ಕಾಯ್ದೆಗೆ ಮುನ್ನ ಬೆಂಗಳೂರು, ಮದ್ರಾಸು, ಮುಂಬಯಿಗಳು ಕಿಡ್ನಿ ವ್ಯಾಪಾರಕ್ಕೆ ಕುಖ್ಯಾತವಾಗಿದ್ದುದನ್ನು ಕಂಡ ಪೀಳಿಗೆಯವನು ನಾನು. ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಮಂದಿಯ ಅಧ್ಯಯನ 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 96ರಷ್ಟು ಜನ ಮಾರಿದ್ದು ಸಾಲ ತೀರಿಸಲು. ಮಾರಿದ ಮೇಲೆ ಕುಟುಂಬದ ಆದಾಯ ಸರಾಸರಿ ಮೂರನೆಯ ಒಂದು ಭಾಗದಷ್ಟು ಕುಸಿದಿತ್ತು, ಬಹುಪಾಲು ಜನ ಇನ್ನೂ ಸಾಲದಲ್ಲೇ ಇದ್ದರು, ಆರೋಗ್ಯವೂ ಕೆಟ್ಟಿತ್ತು. ಮಾರುವವನ ಬಡತನವನ್ನೇ ನೀಗಿಸದ ವ್ಯವಹಾರವನ್ನು ಪರಸ್ಪರ ಲಾಭದ ವಿನಿಮಯವೆಂದು ಯಾವ ಪಠ್ಯಪುಸ್ತಕವೂ ಸಮರ್ಥಿಸಲಾರದು.

ಅರ್ಥಶಾಸ್ತ್ರ ಇಲ್ಲಿ ಬೇರೊಂದು ರೀತಿಯಲ್ಲಿ ನೆರವಿಗೆ ಬಂದಿದೆ. ಗಂಡನಿಗೆ ಹೆಂಡತಿಯ ರಕ್ತದ ಗುಂಪು ಹೊಂದದು, ಇನ್ನೊಂದು ಊರಿನ ದಂಪತಿಗೂ ಅದೇ ತೊಂದರೆ. ಆದರೆ ಒಬ್ಬರ ಹೆಂಡತಿಯ ಮೂತ್ರಪಿಂಡ ಇನ್ನೊಬ್ಬರ ಗಂಡನಿಗೆ ಹೊಂದುತ್ತದೆ. ಇಂಥ ಜೋಡಿಗಳನ್ನು ಹಣದ ಸೋಂಕಿಲ್ಲದೆ ಹೊಂದಿಸುವ ಗಣಿತವನ್ನು ರೂಪಿಸಿದವರಲ್ಲಿ ಪ್ರಮುಖರಾದ ಆಲ್ವಿನ್ ರಾಥ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ನಮ್ಮ ಕಾಯ್ದೆಯ 2011ರ ತಿದ್ದುಪಡಿ ಇಂಥ ವಿನಿಮಯಕ್ಕೆ ಅವಕಾಶ ಕೊಟ್ಟಿದೆ. ಜೋಡಿಗಳ ಸಂಖ್ಯೆ ಹೆಚ್ಚಿದಷ್ಟೂ ಹೊಂದಾಣಿಕೆಯ ಸಂಭವ ಬೇಗನೆ ಹೆಚ್ಚುತ್ತದೆ. ಆದ್ದರಿಂದ ಒಂದೊಂದು ಆಸ್ಪತ್ರೆ ತನ್ನದೇ ಪುಟ್ಟ ಪಟ್ಟಿ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಇಡೀ ರಾಜ್ಯಕ್ಕೆ, ಸಾಧ್ಯವಾದರೆ ನೆರೆರಾಜ್ಯಗಳನ್ನೂ ಸೇರಿಸಿ, ಒಂದೇ ಪಟ್ಟಿ ಇರಬೇಕು.

ಮರಣಾನಂತರದ ದಾನದಲ್ಲಿ ಕರ್ನಾಟಕ ದೇಶದ ಮುಂಚೂಣಿ ರಾಜ್ಯಗಳಲ್ಲೊಂದು. 2023ರಲ್ಲಿ ಇಲ್ಲಿ 178 ದಾನಿಗಳಿದ್ದರು. 2021ರ ಜೂನ್‌ನಲ್ಲಿ ರಸ್ತೆ ಅಪಘಾತಕ್ಕೀಡಾಗಿ ಮಿದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಮೂತ್ರಪಿಂಡಗಳೂ ಸೇರಿದಂತೆ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದ್ದನ್ನು ಕನ್ನಡಿಗರು ಮರೆತಿಲ್ಲ. ‘ಜೀವಸಾರ್ಥಕತೆ’ಯ ಕೆಲಸ ಶ್ಲಾಘನೀಯ. ಆದರೂ ನಮ್ಮ ಪ್ರಮಾಣ ಹತ್ತು ಲಕ್ಷ ಜನಸಂಖ್ಯೆಗೆ ಮೂವರನ್ನೂ ಮುಟ್ಟಿರಲಿಲ್ಲ. ಅದೇ ವರ್ಷ ಸ್ಪೇನ್‌ನಲ್ಲಿ ಅದು ಸುಮಾರು 49. ಎಲ್ಲರನ್ನೂ ದಾನಿಗಳೆಂದು ಭಾವಿಸುವ ಕಾನೂನು ಸ್ಪೇನ್‌ನಲ್ಲಿ 1979ರಲ್ಲೇ ಬಂದಿತ್ತು. ಹತ್ತು ವರ್ಷ ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಬದಲಾವಣೆ ಬಂದದ್ದು 1989ರಲ್ಲಿ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಗಿ, ತೀವ್ರ ನಿಗಾ ಘಟಕಗಳ ವೈದ್ಯರನ್ನೇ ತರಬೇತಿ ಕೊಟ್ಟು ಸಂಯೋಜಕರನ್ನಾಗಿ ನೇಮಿಸಿದ ಮೇಲೆ. ನಮ್ಮಲ್ಲೂ ಕಾನೂನು ಇದೆ. ನಾಲ್ವರು ವೈದ್ಯರ ಮಂಡಳಿ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳು ಸಾವನ್ನು ದೃಢೀಕರಿಸುವ ವಿಧಾನವಿದೆ. ಇಲ್ಲದಿರುವುದು ಅಪಘಾತದ ಗಾಯಾಳುಗಳು ಹೆಚ್ಚಾಗಿ ಬರುವ ಜಿಲ್ಲಾ ಆಸ್ಪತ್ರೆಗಳಲ್ಲಿ ಆ ಮಂಡಳಿ, ದುಃಖದಲ್ಲಿರುವ ಕುಟುಂಬದೊಡನೆ ಮಾತಾಡಬಲ್ಲ ಸಂಯೋಜಕ, ಮತ್ತು ಅಲ್ಲಿಯವರೆಗೆ ದೇಹವನ್ನು ಕಾಪಾಡುವ ಹಾಸಿಗೆ.

ಕಸಿಯ ನಂತರದ ಹತ್ತು ವರ್ಷ

ಕಸಿ ಯಶಸ್ವಿಯಾಯಿತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುವುದು ಶಸ್ತ್ರಚಿಕಿತ್ಸೆಯ ಮರುವಾರ. ನಿಜವಾದ ಪರೀಕ್ಷೆ ಆರಂಭವಾಗುವುದು ಆಮೇಲೆ. 1980ರ ದಶಕದಲ್ಲಿ ಬಂದ ಸೈಕ್ಲೋಸ್ಪೋರಿನ್, 1990ರ ದಶಕದ ಟ್ಯಾಕ್ರೊಲಿಮಸ್ ಮುಂತಾದ ಔಷಧಗಳಿಂದ ಇಂದು ಒಳ್ಳೆಯ ಕೇಂದ್ರಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಅಂಗಗಳು ಮೊದಲ ವರ್ಷ ದಾಟುತ್ತವೆ. ದೀರ್ಘಾವಧಿಯ ಬಾಳಿಕೆ ಅಷ್ಟು ವೇಗವಾಗಿ ಸುಧಾರಿಸಿಲ್ಲ. ದೇಹ ಹೊಸ ಅಂಗವನ್ನು ನಿಧಾನವಾಗಿ ತಿರಸ್ಕರಿಸುತ್ತಿರುವುದನ್ನು ತಿಳಿಸಬೇಕಾದದ್ದು ಮತ್ತೆ ಅದೇ ಕ್ರಿಯೇಟಿನಿನ್. ಅದು ಏರುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಹೀಗಾಗಿ ಸಂಶೋಧಕರು ಬೇರೆ ಸುಳಿವುಗಳ ಹಿಂದೆ ಬಿದ್ದಿದ್ದಾರೆ. ದಾನಿಯ ಅಂಗದ ಜೀವಕೋಶಗಳು ಸತ್ತಾಗ ರೋಗಿಯ ರಕ್ತಕ್ಕೆ ಬರುವ ಡಿಎನ್‌ಎ ತುಣುಕುಗಳನ್ನು ಅಳೆಯುವುದು ಒಂದು. ಪ್ಯಾರಿಸ್ಸಿನ ತಂಡ 2019ರಲ್ಲಿ ಪ್ರಕಟಿಸಿದ ‘ಐಬಾಕ್ಸ್’ನಂತೆ ಹಲವು ಅಂಶಗಳನ್ನು ಒಗ್ಗೂಡಿಸಿ ಅಂಗದ ಆಯುಷ್ಯವನ್ನು ಮುಂಚಿತವಾಗಿ ಅಂದಾಜು ಮಾಡುವುದು ಇನ್ನೊಂದು. ಅಂಗವನ್ನು ಬರಿಯ ಮಂಜುಗಡ್ಡೆಯಲ್ಲಿಡುವ ಬದಲು ದ್ರವ ಹರಿಸುವ ಯಂತ್ರದಲ್ಲಿಟ್ಟು ಸಾಗಿಸಿದರೆ ಅದು ಬೇಗ ಕೆಲಸ ಆರಂಭಿಸುತ್ತದೆ ಎಂಬುದು 2009ರ ಯುರೋಪಿನ ಪ್ರಯೋಗದಲ್ಲಿ ಕಂಡಿತು. ತಳಿ ತಿದ್ದಿದ ಹಂದಿಯ ಮೂತ್ರಪಿಂಡವನ್ನು 2024ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ಜೀವಂತ ರೋಗಿಗೆ ಅಳವಡಿಸಿದ್ದು ಜಗತ್ತಿನ ಗಮನ ಸೆಳೆಯಿತು. ಆದರೆ ಅದು ಇನ್ನೂ ಪ್ರಯೋಗದ ಹಂತದ ಮಾತು. ನಮ್ಮ ನೀತಿ ಅದಕ್ಕಾಗಿ ಕಾಯಬೇಕಿಲ್ಲ.

ನಮ್ಮಲ್ಲಿ ಕಸಿಯಾದ ಅಂಗ ಕೈಕೊಡುವುದಕ್ಕೆ ಇದಕ್ಕಿಂತ ಸಾಧಾರಣ ಕಾರಣಗಳೂ ಇವೆ. ಒಂದು ಕ್ಷಯದಂಥ ಸೋಂಕು. ಇನ್ನೊಂದು ಬರಿದಾದ ಕೈ. ತಿರಸ್ಕಾರ ತಡೆಯುವ ಮಾತ್ರೆಗಳನ್ನು ಜೀವನಪರ್ಯಂತ ನುಂಗಬೇಕು. ಶಸ್ತ್ರಚಿಕಿತ್ಸೆಗೆ ಸರ್ಕಾರದಿಂದ, ದಾನಿಗಳಿಂದ ಹೇಗೋ ಹಣ ಹೊಂದಿಸಿದ ಕುಟುಂಬ ಎರಡು-ಮೂರು ವರ್ಷಗಳಲ್ಲಿ ಸೋತು ಮಾತ್ರೆ ಕಡಿಮೆ ಮಾಡುತ್ತದೆ. ತಾಯಿ ಕೊಟ್ಟ ಮೂತ್ರಪಿಂಡ ನಷ್ಟವಾಗಿ ಮಗ ಮತ್ತೆ ಡಯಾಲಿಸಿಸ್‌ಗೆ ಮರಳುತ್ತಾನೆ. ಆಗ ಸರ್ಕಾರ ಅದಕ್ಕೆ ಹಣ ಕೊಡುತ್ತದೆ! ಈ ವಿಪರ್ಯಾಸ ನಮ್ಮದಷ್ಟೇ ಅಲ್ಲ. 1972ರ ಕಾನೂನಿನ ಮೂಲಕ ಮೂತ್ರಪಿಂಡ ವೈಫಲ್ಯದ ಚಿಕಿತ್ಸೆಯ ಹೊಣೆ ಹೊತ್ತ ಅಮೆರಿಕ ಸರ್ಕಾರವೂ ವೃದ್ಧರೂ ಅಂಗವಿಕಲರೂ ಅಲ್ಲದ ರೋಗಿಗಳಿಗೆ ಈ ಮಾತ್ರೆಗಳನ್ನು ಕಸಿಯ ನಂತರ 36 ತಿಂಗಳು ಮಾತ್ರ ಕೊಡುತ್ತಿತ್ತು. ಅಂಗ ಕೆಟ್ಟರೆ ಮತ್ತೆ ಡಯಾಲಿಸಿಸ್‌ನ ಪೂರ್ತಿ ವೆಚ್ಚ ಭರಿಸುತ್ತಿತ್ತು. ಹಲವು ವರ್ಷಗಳ ಒತ್ತಾಯದ ನಂತರ 2020ರ ಡಿಸೆಂಬರ್‌ನಲ್ಲಿ ಕಾನೂನು ತಿದ್ದಿ, 2023ರ ಜನವರಿಯಿಂದ ಆ ಮಿತಿಯನ್ನು ತೆಗೆದುಹಾಕಲಾಯಿತು. ಉಳಿತಾಯದ ಹೆಸರಿನಲ್ಲಿ ನಷ್ಟ ಮಾಡಿಕೊಳ್ಳುವುದನ್ನು ಅವರು ನಿಲ್ಲಿಸಲು ತೆಗೆದುಕೊಂಡಷ್ಟು ಕಾಲವನ್ನು ನಾವೂ ತೆಗೆದುಕೊಳ್ಳಬೇಕಿಲ್ಲ.

ಮಾಡಬೇಕಾದ ಕೆಲಸಗಳ ಪಟ್ಟಿ ಹಾಗಾದರೆ ದೀರ್ಘವೇನಲ್ಲ. ಮಧುಮೇಹ ಮತ್ತು ರಕ್ತದೊತ್ತಡವಿರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಎರಡು ಪರೀಕ್ಷೆ, ಅದರ ಹಿಂದೆಯೇ ಅಗ್ಗದ ಮಾತ್ರೆಗಳ ನಿರಂತರ ಪೂರೈಕೆ. ಭಾರತೀಯ ದೇಹಕ್ಕೆ ಒಪ್ಪುವ ಸೂತ್ರದ ಸಂಶೋಧನೆಗೆ ಅನುದಾನ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಅಂಗಾಂಗ ದಾನದ ತರಬೇತಿ ಪಡೆದ ಸಂಯೋಜಕ. ಜೋಡಿ ವಿನಿಮಯಕ್ಕೆ ಒಂದೇ ಪಟ್ಟಿ. ಕಸಿಯಾದವರಿಗೆ, ವಿಶೇಷವಾಗಿ ಬಡವರಿಗೆ, ಜೀವನಪರ್ಯಂತ ಔಷಧ ಮತ್ತು ಪ್ರತಿಯೊಂದು ಕಸಿಯೂ ಐದು, ಹತ್ತು ವರ್ಷಗಳ ನಂತರ ಏನಾಯಿತೆಂದು ಹೇಳುವ ಸಾರ್ವಜನಿಕ ದಾಖಲೆ. ಇವುಗಳಲ್ಲಿ ಯಾವುದಕ್ಕೂ ಡಯಾಲಿಸಿಸ್ ಕೇಂದ್ರಗಳನ್ನು ಮುಚ್ಚಬೇಕಿಲ್ಲ. ಆ ಕೇಂದ್ರಗಳಿಗೆ ಪ್ರತಿ ವರ್ಷ ಹೆಚ್ಚುವ ಅನುದಾನದ ಒಂದು ಸಣ್ಣ ಪಾಲನ್ನು ಕಾನೂನುಬದ್ಧವಾಗಿ ಪತ್ತೆ ಕಾರ್ಯಕ್ಕೆ ಮೀಸಲಿಟ್ಟರೆ ಆರಂಭಕ್ಕೆ ಸಾಕು.

ರಾಜ್ಯದ ಮುಂದಿನ ಆಯವ್ಯಯ ಮಂಡನೆಯಾದಾಗ ಎಷ್ಟು ಹೊಸ ಡಯಾಲಿಸಿಸ್ ಯಂತ್ರಗಳು ಬಂದವು ಎಂಬುದನ್ನು ಪತ್ರಿಕೆಗಳು ವರದಿ ಮಾಡುತ್ತವೆ. ಅದರ ಜೊತೆಗೆ ಓದುಗರು ಇನ್ನೊಂದು ಅಂಕಿಯನ್ನೂ ಕೇಳಬೇಕು: ಈ ವರ್ಷ ಎಷ್ಟು ಮಂದಿ ಆ ಯಂತ್ರದ ಅಗತ್ಯವಿಲ್ಲದೆ ಉಳಿಯುವಂತೆ ಮಾಡಲು ಎಷ್ಟು ಹಣ ಇಡಲಾಗಿದೆ?